ಶ್ರೇಣಿ ಒಂದೇ, ಪಗಾರ ಬೇರೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಹಿರಿಯ ಶಿಕ್ಷಕರ ಲೆಕ್ಕ

ಒಬ್ಬರು ಹುಬ್ಬಳ್ಳಿ ನಗರದೊಳಗಿನ ಸರ್ಕಾರಿ ಪ್ರೌಢಶಾಲೆಯ ಸಹ ಶಿಕ್ಷಕರು. ಇನ್ನೊಬ್ಬರು ಗದಗ ಶಹರದ ಪ್ರೌಢಶಾಲೆಯಲ್ಲಿ ಅದೇ ವಿಷಯ ಕಲಿಸುವವರು. ಇಬ್ಬರೂ ಒಂದೇ ನೇಮಕಾತಿಯಲ್ಲಿ ಬಂದವರು, ಇಬ್ಬರ ಮೂಲವೇತನವೂ ಇಂದು 69,250 ರೂಪಾಯಿ. ಹಾಗಿದ್ದರೂ ತಿಂಗಳ ಬಿಲ್ಲಿನಲ್ಲಿ ಹುಬ್ಬಳ್ಳಿಯವರಿಗೆ 5,194 ರೂಪಾಯಿ ಹೆಚ್ಚು. ವರ್ಷಕ್ಕೆ ಅದು 62,325 ರೂಪಾಯಿ ಆಗುತ್ತದೆ. ಯಾರ ತಪ್ಪೂ ಇಲ್ಲ, ನಿಯಮ ಇರುವುದೇ ಹಾಗೆ. ಆದರೆ ಈ ಅಂತರ ಎಲ್ಲಿಂದ ಬರುತ್ತದೆ, ನಿವೃತ್ತಿ ಹೊತ್ತಿಗೆ ಎಷ್ಟು ಉಳಿಯುತ್ತದೆ, ವರ್ಗಾವಣೆ ಅಥವಾ ಬಡ್ತಿಯ ಆದೇಶ ಕೈಗೆ ಬಂದಾಗ ಅದನ್ನು ಹೇಗೆ ತೂಗಬೇಕು ಎಂಬುದರ ಬಗ್ಗೆ ಸ್ಟಾಫ್ ರೂಮಿನಲ್ಲಿ ನಡೆಯುವ ಚರ್ಚೆಗಳಲ್ಲಿ ಅರ್ಧಕ್ಕರ್ಧ ಗೊಂದಲವೇ ತುಂಬಿರುತ್ತದೆ.

ಮೊದಲು, ಎಲ್ಲೆಡೆ ಒಂದೇ ಆಗಿರುವುದು ಯಾವುದು ಎಂದು ನೋಡೋಣ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ ಹೊಸ ಶ್ರೇಣಿಗಳು 2024ರ ಆಗಸ್ಟ್ 1ರಿಂದ ಕೈಗೆ ಸಿಗತೊಡಗಿದವು. ಒಂದರಿಂದ ಐದನೇ ತರಗತಿಯ ಪ್ರಾಥಮಿಕ ಶಿಕ್ಷಕರಿಗೆ 41,300–81,800, ಆರರಿಂದ ಎಂಟರ ಪದವೀಧರ ಶಿಕ್ಷಕರಿಗೆ 44,425–83,700, ಪ್ರೌಢಶಾಲಾ ಸಹ ಶಿಕ್ಷಕರಿಗೆ 54,175–99,400, ಪ್ರೌಢಶಾಲಾ ಮುಖ್ಯ ಶಿಕ್ಷಕರಿಗೂ ಪದವಿಪೂರ್ವ ಕಾಲೇಜಿನ ಉಪನ್ಯಾಸಕರಿಗೂ 69,250–1,34,200. ಬೀದರಿನಿಂದ ಚಾಮರಾಜನಗರದವರೆಗೆ ಈ ಅಂಕಿಗಳಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಇಲ್ಲ.

ಹಳೆಯ ಮೂಲವೇತನದಿಂದ ಹೊಸದಕ್ಕೆ ಬಂದ ದಾರಿಯೂ ಎಲ್ಲರಿಗೂ ಒಂದೇ. ಹಳೆಯ ಮೂಲವೇತನಕ್ಕೆ ಶೇ 31ರ ತುಟ್ಟಿಭತ್ಯೆ ಸೇರಿಸು, ಮೇಲೆ ಅದೇ ಮೂಲವೇತನದ ಶೇ 27.5ರಷ್ಟು ಫಿಟ್‌ಮೆಂಟ್ (ಆಯೋಗದ ಏರಿಕೆ) ಹಾಕು, ಬಂದ ಮೊತ್ತವನ್ನು ಎಲ್ಲ ವೇತನ ಹಂತಗಳ ಪಟ್ಟಿಯಾದ ಮಾಸ್ಟರ್ ಸ್ಕೇಲಿನ ಮುಂದಿನ ಹಂತಕ್ಕೆ ಏರಿಸು. ಸಹ ಶಿಕ್ಷಕರ ಹಳೆಯ ಆರಂಭಿಕ ವೇತನ 33,450. ಅದನ್ನು 1.585ರಿಂದ ಗುಣಿಸಿದರೆ 53,018 ಬರುತ್ತದೆ, ಮುಂದಿನ ಹಂತ 54,175. ತಮ್ಮ ನಿಗದಿ ಸರಿಯಾಗಿದೆಯೇ ಎಂಬ ಅನುಮಾನ ಇದ್ದವರು, ಕಾಗದದ ಮೇಲೆ ನಿಗದಿ ಶುರುವಾದ 2022ರ ಜುಲೈ 1ರ ಹಳೆಯ ಮೂಲವೇತನ ಹಿಡಿದು ಇದೇ ಗುಣಾಕಾರ ಮಾಡಿ ನೋಡಬಹುದು. ಅಲ್ಲಿಂದ ಮುಂದಕ್ಕೆ ವರ್ಷಕ್ಕೊಂದು ವೇತನ ಬಡ್ತಿ. ಕರ್ನಾಟಕದಲ್ಲಿ ಕೇಂದ್ರದ ಹಾಗೆ ಶೇ 3ರ ಲೆಕ್ಕ ಇಲ್ಲ, ಹಂತ ಏರಿದಂತೆ ಮೊತ್ತವೂ ಏರುತ್ತದೆ. 54,175ರ ಬಳಿ ವೇತನ ಬಡ್ತಿ 1,375, 58,300 ದಾಟಿದ ಮೇಲೆ 1,500, 64,300ರ ನಂತರ 1,650. ಹೊಸ ಶ್ರೇಣಿಯ ತಳದಿಂದ ಎಣಿಸಿದರೆ 69,250 ಹತ್ತನೇ ವೇತನ ಬಡ್ತಿಯ ಹಂತ.

ತುಟ್ಟಿಭತ್ಯೆಗೂ ಊರಿನ ಹಂಗಿಲ್ಲ. 2025ರ ಜುಲೈಯಿಂದ ಅನ್ವಯವಾದ ದರ ಶೇ 14.25. 69,250ಕ್ಕೆ 9,868 ರೂಪಾಯಿ, ಹುಬ್ಬಳ್ಳಿಯಲ್ಲೂ ಅಷ್ಟೇ, ಹಿರೇಕೆರೂರಿನಲ್ಲೂ ಅಷ್ಟೇ.

ಊರು ಒಳಗೆ ಬರುವುದು ಎಲ್ಲಿ

ಬೇರೆಯಾಗುವುದು ಮನೆ ಬಾಡಿಗೆ ಭತ್ಯೆ, ಎಲ್ಲರ ಬಾಯಲ್ಲೂ ಇರುವ ಎಚ್‌ಆರ್‌ಎ. 25 ಲಕ್ಷಕ್ಕೂ ಮೇಲ್ಪಟ್ಟ ಜನಸಂಖ್ಯೆಯ ಬೆಂಗಳೂರು ಎ ವರ್ಗ, ಅಲ್ಲಿ ಮೂಲವೇತನದ ಶೇ 20. 5 ಲಕ್ಷದಿಂದ 25 ಲಕ್ಷದೊಳಗಿನ ನಗರಗಳು ಬಿ ವರ್ಗ, ಶೇ 15. ಉಳಿದದ್ದೆಲ್ಲ ಸಿ ವರ್ಗ, ಶೇ 7.5. ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರ ಗಣತಿಯಲ್ಲಿ 9,43,788, ಆದ್ದರಿಂದ ಅದು ಬೆಳಗಾವಿ, ಮೈಸೂರು, ಮಂಗಳೂರು, ಕಲಬುರಗಿಯ ಸಾಲಿನಲ್ಲಿ ಬಿ ವರ್ಗ. ಗದಗ-ಬೆಟಗೇರಿ 1,72,612, ಹಾವೇರಿ 67,102. ಎರಡೂ ಜಿಲ್ಲಾ ಕೇಂದ್ರಗಳೇ, ಆದರೂ ಎಚ್‌ಆರ್‌ಎ ಲೆಕ್ಕದಲ್ಲಿ ಮುಂಡರಗಿ ತಾಲ್ಲೂಕಿನ ಕೊನೆಯ ಹಳ್ಳಿಗೂ ಗದಗ ಶಹರಕ್ಕೂ ಭೇದವಿಲ್ಲ.

69,250ರ ಮೇಲೆ ಲೆಕ್ಕ ಹಾಕಿದರೆ ಬೆಂಗಳೂರಿನಲ್ಲಿ 13,850, ಹುಬ್ಬಳ್ಳಿಯಲ್ಲಿ 10,388, ಗದಗ ಅಥವಾ ಹಾವೇರಿಯಲ್ಲಿ 5,194. ಬಿ ವರ್ಗದ ನಗರಗಳಲ್ಲಿ ಇದಲ್ಲದೆ ನಗರ ಪರಿಹಾರ ಭತ್ಯೆ ಎಂದು ಕೆಲವು ನೂರು ರೂಪಾಯಿ ಇದೆ. ಅದು ಸಣ್ಣದು, ಮುಂದಿನ ಲೆಕ್ಕಗಳಲ್ಲಿ ಬಿಟ್ಟಿದ್ದೇವೆ.

6ನೇ ಆಯೋಗದ ಕಾಲದಲ್ಲಿ ಈ ದರಗಳು 24, 16, 8 ಇದ್ದವು. ಶೇಕಡಾವಾರು ಇಳಿದದ್ದರಿಂದ ನಗರ-ಗ್ರಾಮೀಣ ಅಂತರವೂ ಇಳಿಯಿತು ಎಂದು ಕೆಲವರು ವಾದಿಸುತ್ತಾರೆ. ಕಾಗದದ ಮೇಲೆ ಹೌದು, ಶೇ 8 ಇದ್ದ ಅಂತರ ಈಗ 7.5. ರೂಪಾಯಿಯಲ್ಲಿ ನೋಡಿದರೆ ಕಥೆ ಬೇರೆ. ಆರಂಭಿಕ ಹಂತದ ಸಹ ಶಿಕ್ಷಕರಿಗೆ ಹುಬ್ಬಳ್ಳಿ-ಗದಗ ಅಂತರ ಆಗ 33,450ರ ಶೇ 8, ಅಂದರೆ 2,676 ಇತ್ತು. ಈಗ 54,175ರ ಶೇ 7.5, ಅಂದರೆ 4,063. ಎಚ್‌ಆರ್‌ಎ ಶೇಕಡಾ ಲೆಕ್ಕದಲ್ಲಿ ಇರುವುದರಿಂದ ಸೇವೆ ಬೆಳೆದಷ್ಟೂ ಅಂತರವೂ ಬೆಳೆಯುತ್ತದೆ. ಹೊಸಬರಿಗಿಂತ ಹಿರಿಯರಿಗೆ ಈ ಪ್ರಶ್ನೆ ಹೆಚ್ಚು ಚುಚ್ಚುವುದು ಇದಕ್ಕೇ.

ಭತ್ಯೆ ನಿರ್ಧಾರವಾಗುವುದು ಶಿಕ್ಷಕರು ವಾಸಿಸುವ ಮನೆಯಿಂದಲ್ಲ, ಶಾಲೆ ಇರುವ ಜಾಗದಿಂದ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಬಾಡಿಗೆ ಕಟ್ಟುತ್ತ ದಿನಾ ಕುಂದಗೋಳಕ್ಕೋ ಕಲಘಟಗಿಗೋ ಶಿಗ್ಗಾಂವಿಗೋ ಹೋಗಿಬರುವ ಶಿಕ್ಷಕರಿಗೆ ಸಿಗುವುದು ಶೇ 7.5. ಅವರು ಕಟ್ಟುವುದು ಬಿ ವರ್ಗದ ಬಾಡಿಗೆ, ಪಡೆಯುವುದು ಸಿ ವರ್ಗದ ಭತ್ಯೆ. ಅಣ್ಣಿಗೇರಿಯಲ್ಲಿ ಸ್ವಂತ ಮನೆ ಇಟ್ಟುಕೊಂಡು ರೈಲಿನಲ್ಲಿ ಹುಬ್ಬಳ್ಳಿ ಶಾಲೆಗೆ ಬರುವವರಿಗೆ ಶೇ 15. ಭತ್ಯೆಯ ಹೆಸರಿನಲ್ಲಿ ಮನೆ ಇದ್ದರೂ ಮನೆಯನ್ನು ಯಾರೂ ಕೇಳುವುದಿಲ್ಲ.

ಇನ್ನೊಂದು ಗೊಂದಲ ತಾಲ್ಲೂಕಿನ ಹೆಸರಿನಿಂದ ಹುಟ್ಟುತ್ತದೆ. ‘ಹುಬ್ಬಳ್ಳಿ ತಾಲ್ಲೂಕು’ ಎಂದರೆ ಹುಬ್ಬಳ್ಳಿ-ಧಾರವಾಡ ಮಹಾನಗರ ಅಲ್ಲ. ಉಣಕಲ್, ಭೈರಿದೇವರಕೊಪ್ಪ, ನವನಗರ ಪಾಲಿಕೆಯೊಳಗಿವೆ. ಕುಸುಗಲ್, ನೂಲ್ವಿ, ಛಬ್ಬಿ ಹೊರಗಿವೆ. ಧಾರವಾಡದ ಕಡೆ ನವಲೂರು, ಸತ್ತೂರು ಒಳಗೆ; ಅಮ್ಮಿನಬಾವಿ, ಗರಗ, ಹೆಬ್ಬಳ್ಳಿ ಹೊರಗೆ. ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಸ್ಥಳ ಆಯ್ದುಕೊಳ್ಳುವಾಗ ಶಾಲೆಯ ಹೆಸರಿನ ಮುಂದೆ ಇರುವ ತಾಲ್ಲೂಕು ನೋಡಿ ‘ಹುಬ್ಬಳ್ಳಿ ಸಿಕ್ಕಿತು’ ಎಂದುಕೊಂಡವರು ಮೊದಲ ಸಂಬಳದ ಚೀಟಿಯಲ್ಲಿ ಶೇ 7.5 ನೋಡಿ ಬೆಚ್ಚುವುದುಂಟು. ಶಾಲೆ ವಾರ್ಡಿನಲ್ಲಿದೆಯೋ ಗ್ರಾಮ ಪಂಚಾಯಿತಿಯಲ್ಲಿದೆಯೋ ಎಂಬುದೇ ಪ್ರಶ್ನೆ. ಜೊತೆಗೆ, ಶಿಕ್ಷಕರ ವರ್ಗಾವಣೆ ಕಾಯ್ದೆಯಲ್ಲೂ ಎ, ಬಿ, ಸಿ ಎಂಬ ವಲಯಗಳಿವೆ. ಅಕ್ಷರಗಳು ಅವೇ, ಲೆಕ್ಕ ಬೇರೆ. ವರ್ಗಾವಣೆಯ ವಲಯ ನೋಡಿ ಎಚ್‌ಆರ್‌ಎ ಊಹಿಸಬಾರದು.

ಬಡ್ತಿ ಬಂದು ಪಗಾರ ಇಳಿದರೆ

ಹಿರಿಯ ಶಿಕ್ಷಕರಿಗೆ ನಿಜವಾದ ಇಕ್ಕಟ್ಟು ಬರುವುದು ಇಲ್ಲಿ. ಹುಬ್ಬಳ್ಳಿ ನಗರದಲ್ಲಿ 69,250 ಪಡೆಯುತ್ತಿರುವ ಸಹ ಶಿಕ್ಷಕರಿಗೆ ಮುಖ್ಯ ಶಿಕ್ಷಕ ಹುದ್ದೆಗೆ ಬಡ್ತಿ ಬಂತು, ಸ್ಥಳ ರೋಣ ತಾಲ್ಲೂಕಿನ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ 42-ಬಿ ಪ್ರಕಾರ ಕೆಳಗಿನ ಹುದ್ದೆಯಲ್ಲಿ ಒಂದು ಕಾಲ್ಪನಿಕ ವೇತನ ಬಡ್ತಿ ಕೊಟ್ಟು, ಅದರ ಮೇಲಿನ ಹಂತದಲ್ಲಿ ಹೊಸ ವೇತನ ನಿಗದಿ ಮಾಡುತ್ತಾರೆ. 69,250 ಮೊದಲು 70,900 ಆಗುತ್ತದೆ, ನಂತರ 72,550. ಮೂಲವೇತನದಲ್ಲಿ 3,300 ಲಾಭ.

ಈಗ ಒಟ್ಟು ಸಂಬಳ ನೋಡಿ. ಬಡ್ತಿಗೆ ಮುನ್ನ ಹುಬ್ಬಳ್ಳಿಯಲ್ಲಿ 69,250, ತುಟ್ಟಿಭತ್ಯೆ 9,868, ಎಚ್‌ಆರ್‌ಎ 10,388, ಸೇರಿ 89,506. ಬಡ್ತಿಯ ನಂತರ ಹಳ್ಳಿಯಲ್ಲಿ 72,550, ತುಟ್ಟಿಭತ್ಯೆ 10,338, ಎಚ್‌ಆರ್‌ಎ 5,441, ಸೇರಿ 88,329. ಮುಖ್ಯ ಶಿಕ್ಷಕರಾದ ಮೇಲೆ ತಿಂಗಳಿಗೆ ಸುಮಾರು 1,177 ರೂಪಾಯಿ ಕಡಿಮೆ. ಎನ್‌ಪಿಎಸ್‌ನಲ್ಲಿ (ವಂತಿಗೆ ಕಟ್ಟುವ ಹೊಸ ಪಿಂಚಣಿ ಯೋಜನೆ) ಇದ್ದರೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ 10 ಕಡಿತವೂ ಹೆಚ್ಚುವುದರಿಂದ ಕೈಗೆ ಬರುವುದು ಇನ್ನೂ 377 ಇಳಿಯುತ್ತದೆ. ಓಡಾಟದ ಖರ್ಚು ಬೇರೆ, ಬಿಸಿಯೂಟದಿಂದ ಕಟ್ಟಡದವರೆಗಿನ ಹೊಣೆ ಬೇರೆ. ‘ಪ್ರಮೋಷನ್ ಬಂದು ಪಗಾರ ಕಡಿಮಿ ಆತು’ ಎಂಬ ಮಾತು ಗೊಣಗಾಟವಲ್ಲ, ಅಂಕಗಣಿತ. ಹತ್ತು, ಹದಿನೈದು ವರ್ಷದ ಸೇವಾ ಲಾಭ ಈಗಾಗಲೇ ಪಡೆದವರ ಹಂತ ಇದಕ್ಕಿಂತ ಸ್ವಲ್ಪ ಹಿಂದೆಮುಂದೆ ಆಗಬಹುದು, ಚಿತ್ರ ಮಾತ್ರ ಇದೇ.

ಹಾಗಾದರೆ ಬಡ್ತಿ ಬೇಡ ಎನ್ನುವುದೇ ಜಾಣತನವೇ? ಬಹುಪಾಲು ಸಂದರ್ಭದಲ್ಲಿ ಅಲ್ಲ, ಕಾರಣ ಎರಡು.

ಎಚ್‌ಆರ್‌ಎ ಎಷ್ಟೇ ದೊಡ್ಡದಿದ್ದರೂ ಅದು ತಿಂಗಳಿಗೇ ಮುಗಿಯುವ ಹಣ. ಪಿಂಚಣಿ, ನಿವೃತ್ತಿ ಉಪದಾನ (ಗ್ರಾಚ್ಯುಟಿ), ಎನ್‌ಪಿಎಸ್ ವಂತಿಗೆ ಯಾವುದಕ್ಕೂ ಅದು ಲೆಕ್ಕಕ್ಕಿಲ್ಲ. ಹಳೆ ಪಿಂಚಣಿಯಲ್ಲಿ ಇರುವವರಿಗೆ ಕೊನೆಯ ಮೂಲವೇತನದ ಅರ್ಧ ಪಿಂಚಣಿ. ಮೂಲವೇತನದಲ್ಲಿ 3,300 ಏರಿದರೆ ಪಿಂಚಣಿಯಲ್ಲಿ 1,650 ಜೀವನಪೂರ್ತಿ, ಮೇಲೆ ಅದಕ್ಕೂ ತುಟ್ಟಿಭತ್ಯೆ. ಎನ್‌ಪಿಎಸ್‌ನವರಿಗೆ ತಮ್ಮ ಶೇ 10 ಮತ್ತು ಸರ್ಕಾರದ ಶೇ 14 ಸೇರಿ ತಿಂಗಳಿಗೆ 905 ರೂಪಾಯಿ ಹೆಚ್ಚು ಖಾತೆಗೆ ಹೋಗುತ್ತದೆ. ಅದರಲ್ಲಿ 528 ಸರ್ಕಾರದ್ದು, ಸಂಬಳ ಚೀಟಿಯ ‘ನಿವ್ವಳ’ ಅಂಕಣದಲ್ಲಿ ಕಾಣದ ದುಡ್ಡು. ನಿವೃತ್ತಿಗೆ ಒಂದೇ ವರ್ಷ ಉಳಿದವರಿಗೆ ಎನ್‌ಪಿಎಸ್ ಲಾಭ ಅಷ್ಟಕ್ಕಷ್ಟೇ, ಹಳೆ ಪಿಂಚಣಿಯವರಿಗೆ ಮಾತ್ರ ಆ ಒಂದು ವರ್ಷವೂ ದೊಡ್ಡದು. 2006ರ ಏಪ್ರಿಲ್ 1ರ ಮೊದಲೇ ಅಧಿಸೂಚನೆಯಾಗಿ ನಂತರ ಸೇವೆಗೆ ಸೇರಿದವರನ್ನು ಹಳೆ ಪಿಂಚಣಿಗೆ ಸೇರಿಸಲು 2024ರ ಜನವರಿಯಲ್ಲಿ ಸರ್ಕಾರ ಒಪ್ಪಿದ ಮೇಲೆ, ಆ ಅಂಚಿನಲ್ಲಿದ್ದ ಶಿಕ್ಷಕರ ಲೆಕ್ಕವೇ ತಿರುಗಿಹೋಗಿದೆ. ಅವರು ಬಡ್ತಿಯನ್ನು ಎನ್‌ಪಿಎಸ್ ಕಣ್ಣಿನಿಂದ ನೋಡುವುದು ತಪ್ಪು.

ಎರಡನೆಯದು, ಬಡ್ತಿ ನಿರಾಕರಿಸಿದರೆ ಕಾಲಬದ್ಧ ಮುಂಬಡ್ತಿಯ ಹಕ್ಕು ಹೋಗುತ್ತದೆ. ಒಂದೇ ಹುದ್ದೆಯಲ್ಲಿ 10 ವರ್ಷಕ್ಕೆ ಕಾಲಬದ್ಧ ಮುಂಬಡ್ತಿ, 15ಕ್ಕೆ ಸ್ವಯಂಚಾಲಿತ ವಿಶೇಷ ಮುಂಬಡ್ತಿ, 20, 25, 30 ವರ್ಷಕ್ಕೆ ಹೆಚ್ಚುವರಿ ವೇತನ ಬಡ್ತಿ, ಇವೆಲ್ಲ ಬಡ್ತಿಯೇ ಸಿಗದವರಿಗಾಗಿ ಇರುವ ವ್ಯವಸ್ಥೆ. ಸಿಕ್ಕದ್ದನ್ನು ಬಿಟ್ಟುಕೊಟ್ಟವರಿಗೆ ಅಲ್ಲ.

ಯಾವ ಪಟ್ಟಿಯಲ್ಲಿ ನಿಮ್ಮ ಹೆಸರು

ಎಚ್‌ಆರ್‌ಎ ಕಣ್ಣಿಗೆ ಕಾಣುವ ಅಂತರ. ಕಾಣದ ಅಂತರ ಜ್ಯೇಷ್ಠತಾ ಪಟ್ಟಿಯಲ್ಲಿದೆ, ನಮ್ಮ ಅಭಿಪ್ರಾಯದಲ್ಲಿ ಪ್ರಾಥಮಿಕ ಶಿಕ್ಷಕರ ಪಾಲಿಗೆ ಅದೇ ದೊಡ್ಡದು.

ಪ್ರಾಥಮಿಕ ಶಾಲಾ ಶಿಕ್ಷಕರ ವೃಂದ, ಅಂದರೆ ಒಂದೇ ಜ್ಯೇಷ್ಠತಾ ಪಟ್ಟಿಗೆ ಸೇರಿದ ಗುಂಪು, ಜಿಲ್ಲಾ ಮಟ್ಟದ್ದು. ಪ್ರೌಢಶಾಲಾ ಸಹ ಶಿಕ್ಷಕರದು ವಿಭಾಗ ಮಟ್ಟದ್ದು, ಇಲ್ಲಿಯವರಿಗೆ ಧಾರವಾಡದ ಅಪರ ಆಯುಕ್ತರ ಕಚೇರಿಯ ವ್ಯಾಪ್ತಿಯ ಬೆಳಗಾವಿ ವಿಭಾಗ. ಪದವಿಪೂರ್ವ ಉಪನ್ಯಾಸಕರದು ರಾಜ್ಯ ಮಟ್ಟ. ಹೀಗಾಗಿ ಪ್ರೌಢಶಾಲಾ ಶಿಕ್ಷಕರು ಹಾವೇರಿಯಲ್ಲಿದ್ದರೂ ಹುಬ್ಬಳ್ಳಿಯಲ್ಲಿದ್ದರೂ ಬಡ್ತಿಗೆ ಕಾಯುವ ಸರದಿ ಒಂದೇ. ಪ್ರಾಥಮಿಕ ಶಿಕ್ಷಕರಿಗೆ ಹಾಗಲ್ಲ. 1997ರಲ್ಲಿ ಹಳೆಯ ಧಾರವಾಡ ಜಿಲ್ಲೆ ಒಡೆದು ಗದಗ, ಹಾವೇರಿ ಬೇರೆಯಾದವು, ಅಲ್ಲಿಂದ ಮೂರು ಜಿಲ್ಲೆಗೆ ಮೂರು ಪಟ್ಟಿ. ಒಂದೇ ಬ್ಯಾಚಿನಲ್ಲಿ ಡಿ.ಎಡ್ ಮುಗಿಸಿ ಒಂದೇ ತಿಂಗಳಲ್ಲಿ ಸೇರಿದ ಇಬ್ಬರಲ್ಲಿ ಯಾರಿಗೆ ಮೊದಲು ಮುಖ್ಯ ಶಿಕ್ಷಕ ಹುದ್ದೆ ಸಿಗುತ್ತದೆ ಎಂಬುದು ಅವರ ಜಿಲ್ಲೆಯಲ್ಲಿ ಆ ವರ್ಷ ಎಷ್ಟು ಜನ ನಿವೃತ್ತರಾದರು, ಎಷ್ಟು ಹುದ್ದೆ ಮಂಜೂರಾಗಿವೆ ಎಂಬುದರ ಮೇಲೆ ನಿಂತಿದೆ. ಸಣ್ಣ ಜಿಲ್ಲೆಯಲ್ಲಿ ಹುದ್ದೆಯೂ ಕಡಿಮೆ, ಸರದಿಯೂ ಸಣ್ಣದು. ಒಂದು ವರ್ಷ ನಾಲ್ಕು ಖಾಲಿ ಸ್ಥಾನ ಹೆಚ್ಚಾದರೂ ಪಟ್ಟಿ ದಡಬಡ ಸರಿಯುತ್ತದೆ, ಇಲ್ಲದಿದ್ದರೆ ವರ್ಷಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ.

ಇಲ್ಲೇ ಒಂದು ಬಲೆ ಇದೆ. ಸ್ವಂತ ಕೋರಿಕೆಯ ಮೇಲೆ ಜ್ಯೇಷ್ಠತಾ ಘಟಕ ಬದಲಿಸಿ ಹೋದವರು 1957ರ ಜ್ಯೇಷ್ಠತಾ ನಿಯಮಗಳ 6ನೇ ನಿಯಮದಂತೆ ಹೊಸ ಘಟಕದ ಪಟ್ಟಿಯ ಕೊನೆಗೆ ಹೋಗುತ್ತಾರೆ. ವೇತನಕ್ಕೆ ರಕ್ಷಣೆ ಇದೆ, ಸೇವಾವಧಿ ಕಳೆಯುವುದಿಲ್ಲ, ಸರದಿ ಮಾತ್ರ ಕಳೆಯುತ್ತದೆ. ಹಾವೇರಿ ಜಿಲ್ಲೆಯ ಪ್ರಾಥಮಿಕ ಶಿಕ್ಷಕಿ 20 ವರ್ಷ ಸೇವೆಯ ಮೇಲೆ ಮಕ್ಕಳ ಕಾಲೇಜಿಗೆಂದು ಹುಬ್ಬಳ್ಳಿ ನಗರಕ್ಕೆ ಅಂತರ ಜಿಲ್ಲಾ ವರ್ಗಾವಣೆ ಪಡೆದರೆ ಎಚ್‌ಆರ್‌ಎ ಎರಡು ಪಟ್ಟಾಗುತ್ತದೆ, ಧಾರವಾಡ ಜಿಲ್ಲೆಯ ಪಟ್ಟಿಯಲ್ಲಿ ಅವರ ಹೆಸರು ನಿನ್ನೆ ಮೊನ್ನೆ ಸೇರಿದವರ ಕೆಳಗೆ ಬರುತ್ತದೆ. ಮುಖ್ಯ ಶಿಕ್ಷಕಿಯಾಗುವ ಆಸೆ ಬಿಟ್ಟಂತೆಯೇ. ಅದೇ ಹಾವೇರಿಯ ಪ್ರೌಢಶಾಲಾ ಶಿಕ್ಷಕಿ ಹುಬ್ಬಳ್ಳಿಗೆ ಬಂದರೆ ವಿಭಾಗ ಬದಲಾಗುವುದಿಲ್ಲ, ಸರದಿಗೂ ಧಕ್ಕೆ ಇಲ್ಲ, ಎಚ್‌ಆರ್‌ಎ ಪೂರ್ತಿ ಲಾಭ. ಒಂದೇ ವರ್ಗಾವಣೆ, ಎರಡು ವೃಂದಕ್ಕೆ ಎರಡು ಬೆಲೆ. ಅರ್ಜಿ ಹಾಕುವ ಮುನ್ನ ಪ್ರಾಥಮಿಕ ಶಿಕ್ಷಕರು ಉಪನಿರ್ದೇಶಕರ ಕಚೇರಿಯ ಜ್ಯೇಷ್ಠತಾ ಪಟ್ಟಿಯಲ್ಲಿ ತಮ್ಮ ಮುಂದೆ ಎಷ್ಟು ಜನ ಇದ್ದಾರೆ, ಅವರಲ್ಲಿ ಮುಂದಿನ ಐದು ವರ್ಷದಲ್ಲಿ ನಿವೃತ್ತರಾಗುವವರೆಷ್ಟು ಎಂದು ಎಣಿಸಲೇಬೇಕು. ಮುಂದೆ ನೂರಾರು ಜನ ಇದ್ದು ತಮ್ಮದೂ ನಿವೃತ್ತಿ ಹತ್ತಿರ ಇದ್ದರೆ ಕಳೆದುಕೊಳ್ಳುವುದೇನೂ ಇಲ್ಲ, ಹುಬ್ಬಳ್ಳಿಗೆ ಬರುವುದೇ ಲಾಭ.

ಗದಗ, ಹಾವೇರಿಯ ಪೂರ್ವದ ಗಡಿ ದಾಟಿದರೆ ಕೊಪ್ಪಳ, ವಿಜಯನಗರ ಜಿಲ್ಲೆಗಳು, ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ವ್ಯಾಪ್ತಿ. ಅಲ್ಲಿ ಶಿಕ್ಷಕರಿಗೆ ಸಂಬಳ ಹೆಚ್ಚು ಎಂಬ ನಂಬಿಕೆ ಈ ಕಡೆ ಇದೆ. ಶ್ರೇಣಿಯೂ ಎಚ್‌ಆರ್‌ಎಯೂ ಅಲ್ಲಿ ಬೇರೆಯಿಲ್ಲ. ಬೇರೆ ಇರುವುದು ಸ್ಥಳೀಯ ವೃಂದ: ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 80, ಗ್ರೂಪ್ ಎ ಮತ್ತು ಬಿ ಹುದ್ದೆಗಳಲ್ಲಿ ಶೇ 75 ಸ್ಥಳೀಯರಿಗೆ ಮೀಸಲು. ಅದರಿಂದ ಬಡ್ತಿಯ ವೇಗ ಬದಲಾಗಬಹುದು, ಶ್ರೇಣಿ ಬದಲಾಗದು.

ತೆರಿಗೆ ತಿನ್ನುವ ಪಾಲು

ಹಿರಿಯರ ಮಟ್ಟಿಗೆ ಹುಬ್ಬಳ್ಳಿಯ ಹೆಚ್ಚುವರಿ ಎಚ್‌ಆರ್‌ಎ ಪೂರ್ತಿ ಕೈಗೆ ಬರುತ್ತದೆ ಎಂದೂ ಹೇಳಲಾಗದು. ಮೂಲವೇತನ 83,700 ಇರುವವರನ್ನು ತೆಗೆದುಕೊಳ್ಳಿ. ಶೇ 14.25 ತುಟ್ಟಿಭತ್ಯೆ ಸೇರಿಸಿ ಹುಬ್ಬಳ್ಳಿಯಲ್ಲಿ ವರ್ಷದ ಒಟ್ಟು ಸಂಬಳ ಸುಮಾರು 12.98 ಲಕ್ಷ, ಗದಗದಲ್ಲಿ 12.23 ಲಕ್ಷ. 2025-26ರ ಹೊಸ ತೆರಿಗೆ ಪದ್ಧತಿಯಲ್ಲಿ 75,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12 ಲಕ್ಷದವರೆಗೆ ತೆರಿಗೆ ಇಲ್ಲ. ಗದಗದವರು ಆ ಗೆರೆಯ ಕೆಳಗೇ ಉಳಿಯುತ್ತಾರೆ, ತೆರಿಗೆ ಸೊನ್ನೆ. ಹುಬ್ಬಳ್ಳಿಯವರು ಗೆರೆಯ ಮೇಲೆ ಸುಮಾರು 23,000 ದಾಟುತ್ತಾರೆ. ಈ ಅಂಚಿನಲ್ಲಿ ಮಾರ್ಜಿನಲ್ ರಿಲೀಫ್ (ಗೆರೆ ದಾಟಿದ ಮೊತ್ತಕ್ಕಿಂತ ಹೆಚ್ಚು ತೆರಿಗೆ ಬೀಳದಂತೆ ಕೊಡುವ ರಿಯಾಯಿತಿ) ಇರುವುದರಿಂದ ದಾಟಿದ ಅಷ್ಟೂ ಹಣ ತೆರಿಗೆಗೆ ಹೋಗುತ್ತದೆ, ಸೆಸ್ ಸೇರಿ ಸುಮಾರು 24,000. ವರ್ಷದ ಎಚ್‌ಆರ್‌ಎ ಅಂತರ 75,330; ಅದರಲ್ಲಿ ಮೂರನೇ ಒಂದು ಭಾಗ ಹೋಯಿತು.

ಹಳೆ ಪದ್ಧತಿಯಲ್ಲಿ ಬಾಡಿಗೆ ರಸೀದಿ ಕೊಟ್ಟು ಎಚ್‌ಆರ್‌ಎ ವಿನಾಯಿತಿ ಕೇಳಬಹುದು, ಹೊಸದರಲ್ಲಿ ಅದು ಇಲ್ಲ. ಗೃಹಸಾಲದ ಬಡ್ಡಿ, ಕೆಜಿಐಡಿ (ಸರ್ಕಾರಿ ನೌಕರರ ವಿಮೆ), ಮಕ್ಕಳ ಶುಲ್ಕ ಎಲ್ಲ ದೊಡ್ಡದಿದ್ದವರು ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿ ನೋಡಬೇಕು. ಬಹಳಷ್ಟು ಜನ ಹಾಕುವುದಿಲ್ಲ, ಫೆಬ್ರುವರಿ ಬಿಲ್ಲಿನಲ್ಲಿ ಡಿಡಿಒ (ಸಂಬಳದ ಬಿಲ್ಲು ಮಾಡುವ ಅಧಿಕಾರಿ) ಕಡಿತ ಮಾಡಿದ ಮೇಲೆ ಓಡಾಡುತ್ತಾರೆ.

ಓಡಾಟದ ಖರ್ಚಿನಲ್ಲೂ ಒಂದು ಹೊಸ ಭೇದ ಬಂದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸು ಉಚಿತ. ಹುಬ್ಬಳ್ಳಿಯಲ್ಲಿದ್ದು ನವಲಗುಂದ ಕಡೆಗೆ ಹೋಗಿಬರುವ ಶಿಕ್ಷಕಿಗೆ ಸಿ ವರ್ಗದ ಶಾಲೆಯ ನಷ್ಟ ಅಷ್ಟರಮಟ್ಟಿಗೆ ಕಡಿಮೆ, ಜೊತೆಯ ಶಿಕ್ಷಕನಿಗೆ ಪಾಸಿನ ದುಡ್ಡು ಕಿಸೆಯಿಂದಲೇ ಹೋಗಬೇಕು.

ಒಂದೇ ಊರಿನೊಳಗಿನ ಅಂತರಗಳು

ಹುಬ್ಬಳ್ಳಿಯಲ್ಲೇ ಕೇಂದ್ರೀಯ ವಿದ್ಯಾಲಯದ ಶಿಕ್ಷಕರನ್ನೂ ಸರ್ಕಾರಿ ಪ್ರೌಢಶಾಲೆಯವರನ್ನೂ ಹೋಲಿಸುವಾಗ ಮೂಲವೇತನ ನೋಡಿ ಮೋಸಹೋಗುವವರು ಬಹಳ. ಕೇಂದ್ರದ ಟಿಜಿಟಿ (ತರಬೇತಿ ಪಡೆದ ಪದವೀಧರ ಶಿಕ್ಷಕ) ಆರಂಭಿಕ ಮೂಲವೇತನ 44,900, ನಮ್ಮವರದು 54,175. ನಮ್ಮದೇ ಹೆಚ್ಚಲ್ಲವೇ? ಅಲ್ಲ. ಕೇಂದ್ರದ ಮೂಲವೇತನ 2016ರ ಜನವರಿಯ ಬೆಲೆಮಟ್ಟದ್ದು, ನಮ್ಮದು 2022ರ ಜುಲೈಯದು. ನಡುವಿನ ಏರಿಕೆ ಅಲ್ಲಿ ತುಟ್ಟಿಭತ್ಯೆಯಾಗಿ ಕೂತಿದೆ: 2025ರ ಜುಲೈಯಿಂದ ಶೇ 58, ಅಂದರೆ 26,042. ಹುಬ್ಬಳ್ಳಿ-ಧಾರವಾಡ ಕೇಂದ್ರದ ಪಟ್ಟಿಯಲ್ಲಿ ವೈ ವರ್ಗ, ಎಚ್‌ಆರ್‌ಎ ಶೇ 20, ಅಂದರೆ 8,980. ತುಟ್ಟಿಭತ್ಯೆ ಸೇರಿದ ಪ್ರಯಾಣ ಭತ್ಯೆ 2,844. ಒಟ್ಟು 82,766. ರಾಜ್ಯದ ಸಹ ಶಿಕ್ಷಕರಿಗೆ ತುಟ್ಟಿಭತ್ಯೆ, ಎಚ್‌ಆರ್‌ಎ ಸೇರಿ 70,021. ಒಂದೇ ಊರಿನಲ್ಲಿ ಸುಮಾರು 12,700ರ ಅಂತರ. ಹುಬ್ಬಳ್ಳಿ-ಗದಗ ಅಂತರಕ್ಕಿಂತ ಇದು ಮೂರು ಪಟ್ಟು. ಕೇಂದ್ರಕ್ಕೆ ಸಮಾನ ವೇತನ ಎಂಬ ಬೇಡಿಕೆ ನೌಕರರ ಸಂಘಟನೆಗಳಲ್ಲಿ ಸಾಯದಿರುವುದಕ್ಕೆ ಈ ಅಂಕಿಯೇ ಸಾಕು.

ಅನುದಾನಿತ ಶಾಲೆಗಳು ಹುಬ್ಬಳ್ಳಿ, ಧಾರವಾಡ, ಗದಗಿನಲ್ಲಿ ಹಳೆಯವು, ದೊಡ್ಡವು. ಅನುದಾನಕ್ಕೆ ಒಳಪಟ್ಟ ಹುದ್ದೆಯಲ್ಲಿರುವವರಿಗೆ ಸರ್ಕಾರದ್ದೇ ಶ್ರೇಣಿ, ಅದೇ ತುಟ್ಟಿಭತ್ಯೆ. ತೊಂದರೆ ಇರುವುದು ಅನುದಾನಕ್ಕೆ ಮೊದಲಿನ ಸೇವೆಯಲ್ಲಿ. ಹತ್ತು ವರ್ಷ ಆಡಳಿತ ಮಂಡಳಿಯ ಸಂಬಳದಲ್ಲಿ ದುಡಿದು ನಂತರ ಅನುದಾನಕ್ಕೆ ಬಂದವರ ಆ ವರ್ಷಗಳನ್ನು ವೇತನ ನಿಗದಿಗೆ ಪರಿಗಣಿಸದ್ದರಿಂದ, 25 ವರ್ಷ ಪಾಠ ಮಾಡಿದವರ ಮೂಲವೇತನ 15 ವರ್ಷದವರಷ್ಟೇ ಇರುತ್ತದೆ. ಆ ವರ್ಷಗಳನ್ನೂ ಎಣಿಸಿ ವೇತನ ನಿಗದಿ ಮಾಡಿ ಎಂಬುದೇ ‘ಕಾಲ್ಪನಿಕ ವೇತನ’ದ ಹೋರಾಟ. 1995ರ ನಂತರ ಶುರುವಾದ ಕನ್ನಡ ಮಾಧ್ಯಮ ಶಾಲೆಗಳ ಶಿಕ್ಷಕರಿಗೆ ಅನುದಾನವೇ ಇಲ್ಲ. ಇನ್ನು ಖಾಲಿ ಹುದ್ದೆ ತುಂಬುವ ಅತಿಥಿ ಶಿಕ್ಷಕರಿಗೆ 2025-26ರ ಬಜೆಟ್ಟಿನಲ್ಲಿ 2,000 ಏರಿಸಿದ ಮೇಲೂ ಪ್ರಾಥಮಿಕದಲ್ಲಿ 12,000, ಪ್ರೌಢಶಾಲೆಯಲ್ಲಿ 12,500. ಅದಕ್ಕೆ ಎಚ್‌ಆರ್‌ಎ ಇಲ್ಲ, ಆದ್ದರಿಂದ ಊರಿನ ಭೇದವೂ ಇಲ್ಲ. ಸಮಾನತೆ ಪೂರ್ತಿ ಸಿಕ್ಕಿರುವುದು ಅವರಿಗೊಬ್ಬರಿಗೇ ಎನ್ನಬೇಕು.

ಚೀಟಿ ಓದುವ ಬಗೆ, ತಪ್ಪಾಗುವ ಜಾಗ

ಎಚ್‌ಆರ್‌ಎಂಎಸ್ (ಸರ್ಕಾರದ ಸಂಬಳದ ತಂತ್ರಾಂಶ) ವೇತನ ಚೀಟಿಯಲ್ಲಿ ಎಚ್‌ಆರ್‌ಎ ಮೊತ್ತವನ್ನು ಮೂಲವೇತನದಿಂದ ಭಾಗಿಸಿ ನೂರರಿಂದ ಗುಣಿಸಿ. 15 ಅಥವಾ 7.5 ಬರಬೇಕು, ಬೇರೆ ಏನು ಬಂದರೂ ತಪ್ಪು. ವರ್ಗಾವಣೆಯಾಗಿ ಬಂದ ಮೇಲೆ ಹೊಸ ಡಿಡಿಒ ಎಚ್‌ಆರ್‌ಎಂಎಸ್‌ನಲ್ಲಿ ಕರ್ತವ್ಯ ಸ್ಥಳ ಬದಲಿಸದಿದ್ದರೆ ಹಳೆಯ ದರವೇ ಮುಂದುವರಿಯುತ್ತದೆ. ಕಡಿಮೆ ಬಂದರೆ ಎಲ್ಲರೂ ಕೇಳುತ್ತಾರೆ. ಹೆಚ್ಚು ಬಂದರೆ ಸುಮ್ಮನಿರುವ ಅಭ್ಯಾಸ ಇದೆ, ಅದು ದುಬಾರಿ: ಲೆಕ್ಕ ತಪಾಸಣೆಯಲ್ಲಿ ಸಿಕ್ಕಾಗ ವರ್ಷಗಳ ಮೊತ್ತವನ್ನು ಒಟ್ಟಿಗೆ ವಸೂಲಿಗೆ ಹಾಕುತ್ತಾರೆ, ಕೆಲವೊಮ್ಮೆ ನಿವೃತ್ತಿಯ ಹೊಸ್ತಿಲಲ್ಲಿ. ಹುಬ್ಬಳ್ಳಿಯಿಂದ ಗದಗಕ್ಕೆ ಹೋದವರು ಮೊದಲ ತಿಂಗಳ ಚೀಟಿ ನೋಡಲೇಬೇಕಾದದ್ದು ಇದಕ್ಕೆ.

ಕಾಲಬದ್ಧ ಮುಂಬಡ್ತಿ ತಡವಾಗುವುದು ಬಹುತೇಕ ಕಡತದಿಂದ. ಸೇವಾ ಪುಸ್ತಕದಲ್ಲಿ ವಾರ್ಷಿಕ ದೃಢೀಕರಣದ ಸಹಿ ಬಿಟ್ಟುಹೋಗಿರುತ್ತದೆ, ಕಾರ್ಯನಿರ್ವಹಣಾ ವರದಿ ಒಂದು ವರ್ಷದ್ದು ಸಿಗುವುದಿಲ್ಲ, ಆಸ್ತಿ-ಋಣ ಪಟ್ಟಿ ಸಲ್ಲಿಕೆಯಾಗಿರುವುದಿಲ್ಲ, ತಾಲ್ಲೂಕು ಬದಲಿಸಿದವರ ಸೇವಾ ಪುಸ್ತಕವೇ ಹಳೆಯ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಅಲಮಾರಿಯಲ್ಲಿ ಉಳಿದಿರುತ್ತದೆ. 10 ವರ್ಷ ತುಂಬುವ ಆರು ತಿಂಗಳ ಮೊದಲೇ ಇವಿಷ್ಟನ್ನು ಪರಿಶೀಲಿಸಿ ಅರ್ಜಿ ಕೊಟ್ಟವರಿಗೂ, ತುಂಬಿದ ಎರಡು ವರ್ಷದ ಮೇಲೆ ನೆನಪಾದವರಿಗೂ ಕೊನೆಗೆ ಸಿಗುವ ಮೊತ್ತ ಒಂದೇ, ಏಕೆಂದರೆ ಹಿಂಬಾಕಿ ಬರುತ್ತದೆ. ಆದರೆ ಎರಡು ವರ್ಷದ ಹಿಂಬಾಕಿ ಒಂದೇ ವರ್ಷದ ಆದಾಯಕ್ಕೆ ಸೇರಿ 12 ಲಕ್ಷದ ಗೆರೆ ದಾಟಿಸಿಬಿಡಬಹುದು. ಆಗ ರಿಟರ್ನ್ ಸಲ್ಲಿಸುವ ಮುನ್ನ 10ಇ ನಮೂನೆ ತುಂಬಿ ಪರಿಹಾರ ಕೇಳಬೇಕು. ಅದನ್ನು ತುಂಬದೆ ಪರಿಹಾರ ಕೇಳಿ ರಿಟರ್ನ್ ಹಾಕಿದರೆ ನೋಟಿಸು ಬರುತ್ತದೆ. 7ನೇ ವೇತನದ ವಿಷಯದಲ್ಲಿ ಮಾತ್ರ 2022ರ ಜುಲೈಯಿಂದ 2024ರ ಜುಲೈವರೆಗೆ ಹಿಂಬಾಕಿಯೇ ಇರಲಿಲ್ಲ, ನಿಗದಿ ಕಾಲ್ಪನಿಕ. ಆ ಎರಡು ವರ್ಷದಲ್ಲಿ ನಿವೃತ್ತರಾದ ಶಿಕ್ಷಕರು ಉಪದಾನದಲ್ಲಿ ಕಳೆದುಕೊಂಡದ್ದು ಹುಬ್ಬಳ್ಳಿ-ಗದಗ ಎಚ್‌ಆರ್‌ಎ ಅಂತರವನ್ನೆಲ್ಲ ಮೀರಿಸುತ್ತದೆ.

ಸಂಬಳದ ತಾರೀಕೂ ಒಂದು ಭೇದವೇ. ಸಮಗ್ರ ಶಿಕ್ಷಣ ಯೋಜನೆಯ ಲೆಕ್ಕಶೀರ್ಷಿಕೆಯ (ಸಂಬಳದ ಹಣ ಬರುವ ಬಜೆಟ್ ಖಾತೆ) ಹುದ್ದೆಯಲ್ಲಿ ಇರುವವರ ಬಿಲ್ಲು ಅನುದಾನ ಬಿಡುಗಡೆಗೆ ಕಾಯುತ್ತದೆ, ಪಕ್ಕದ ಕುರ್ಚಿಯವರಿಗೆ ತಿಂಗಳ ಮೊದಲ ವಾರವೇ ಜಮೆಯಾಗಿರುತ್ತದೆ. ಸ್ಥಳ ಆಯ್ದುಕೊಳ್ಳುವಾಗ ಹುದ್ದೆ ಯಾವ ಲೆಕ್ಕಶೀರ್ಷಿಕೆಯದು ಎಂದು ಕೇಳುವವರು ಕಡಿಮೆ. ಗೃಹಸಾಲದ ಕಂತು ಇರುವವರು ಕೇಳಬೇಕು.

ಪಾಲಿಕೆ ಎರಡಾದರೆ

ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಊರಿನ ಅಭಿಮಾನದ ಚರ್ಚೆ ಬಹಳ ನಡೆಯಿತು, ಸರ್ಕಾರಿ ನೌಕರರ ಎಚ್‌ಆರ್‌ಎ ಬಗ್ಗೆ ಯಾರೂ ಮಾತಾಡಲಿಲ್ಲ. ಬಿ ವರ್ಗಕ್ಕೆ 5 ಲಕ್ಷ ಜನ ಬೇಕು. 2011ರ ಗಣತಿಯ ಒಟ್ಟು 9,43,788ನ್ನು ಹೇಗೆ ಎರಡು ಮಾಡಿದರೂ ಎರಡೂ ಊರು 5 ಲಕ್ಷ ದಾಟಲು ಸಾಧ್ಯವೇ ಇಲ್ಲ. ಆದೇಶದಲ್ಲಿನ ನಗರಗಳ ಪಟ್ಟಿ ತಿದ್ದದೆ ದರ ತಾನಾಗಿ ಬದಲಾಗದು, ನಿಜ. ಹಾಗೆಂದು ಪಟ್ಟಿ ತಿದ್ದುವ ದಿನ ಅವಳಿ ನಗರವನ್ನು ಒಂದೇ ಎಂದು ನಮೂದಿಸುತ್ತಾರೋ ಬೇರೆ ಬೇರೆ ಎಂದೋ ಎಂಬುದರ ಮೇಲೆ ಧಾರವಾಡದ ಪ್ರತಿ ಶಿಕ್ಷಕರ ಮೂಲವೇತನದ ಶೇ 7.5 ನಿಂತಿದೆ. ಸಪ್ತಾಪುರದಲ್ಲಿ ಕೋಚಿಂಗ್ ವಿದ್ಯಾರ್ಥಿಗಳಿಂದ ಏರಿದ ಬಾಡಿಗೆ ಪಾಲಿಕೆ ಒಡೆದ ಮಾತ್ರಕ್ಕೆ ಇಳಿಯುವುದಿಲ್ಲ.

ಮುಂದಿನ ಗಣತಿಯ ಎಣಿಕೆ 2027ರ ಫೆಬ್ರುವರಿಗೆ ನಿಗದಿಯಾಗಿದೆ. ಹೊಸ ಅಂಕಿ ಬಂದ ಮೇಲೂ ಗದಗ, ಹಾವೇರಿ 5 ಲಕ್ಷದ ಹತ್ತಿರ ಬರುವ ಸಂಭವ ಇಲ್ಲ. ವೈದ್ಯಕೀಯ ಕಾಲೇಜು ಬಂದ ಮೇಲೆ ಈ ಎರಡೂ ಊರಿನಲ್ಲಿ ಮನೆಗೆ ಬೇಡಿಕೆ ಏರಿದೆ, ಆದರೆ ಸೂತ್ರದಲ್ಲಿ ಬಾಡಿಗೆಗೆ ಜಾಗವೇ ಇಲ್ಲ, ತಲೆ ಎಣಿಕೆ ಒಂದೇ. 67 ಸಾವಿರದ ಹಾವೇರಿಯನ್ನೂ ಹಾವೇರಿ ತಾಲ್ಲೂಕಿನ ಹಳ್ಳಿಯನ್ನೂ ಒಂದೇ ವರ್ಗದಲ್ಲಿ ಇಡುವ ಬದಲು ಜಿಲ್ಲಾ ಕೇಂದ್ರಗಳಿಗೆ ಶೇ 10ರ ಒಂದು ನಡುವಣ ಮೆಟ್ಟಿಲು ಇಟ್ಟರೆ 69,250ರ ಮೂಲವೇತನಕ್ಕೆ ತಿಂಗಳಿಗೆ 1,731 ರೂಪಾಯಿ ಸೇರುತ್ತದೆ, ಬಡ್ತಿ ಪಡೆದು ಗದಗಕ್ಕೆ ಹೋಗುವ ಮುಖ್ಯ ಶಿಕ್ಷಕರ ಸಂಬಳವಾದರೂ ಹಿಂದಿನದಕ್ಕಿಂತ ಕೆಳಗಿಳಿಯುವುದಿಲ್ಲ.